ಮೊದಲು ಕಂಡವರು

ಜೂನ್ ಒಂಬತ್ತು, ಭಾನುವಾರ ಬೆಳಿಗ್ಗೆ

ನನ್ನ ಒಡಹುಟ್ಟಿದವನೇ,

ಕ್ಷೇಮವೇ? ಕ್ಷೇಮವಾಗಿಯೇ ಇರುತ್ತೀಯ, ನಿನಗೇನು! ನಾನೂ ಇದ್ದೇನೆ. ಮಂಡಿ ಕಟಕಟ ಎನ್ನುತ್ತದೆ, ಹಲ್ಲು ಎರಡು ಹೋಗಿವೆ, ಗಂಟಲು ಮಾತ್ರ ಕಂಚಿನ ಹಾಗೆ ನೆಟ್ಟಗಿದೆ. ಈ ಪತ್ರವನ್ನು ಓದುವಾಗ ಅದು ನಿನಗೆ ಕೇಳಿಸುತ್ತದೆ. ಬಾಗಿಲು ಹಾಕಿಕೊಂಡು ಓದು.

ನಿನ್ನ ಪತ್ರ ಬಂದು ತಿಂಗಳ ಮೇಲೆ ಆರು ದಿನವಾಯಿತು. ನೀನೇ ಮೂರು ಮಹಡಿ ಹತ್ತಿ ಬಂದು, ಅಷ್ಟೇ ಬೇಗ ಇಳಿದು ಹೋಗಿ ಹತ್ತೊಂಬತ್ತು ದಿನ. ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಕೇಳಿದೆ ಅಂದುಕೋ. ತಡಕ್ಕೆ ಕಾರಣ ಕೈನೋವಲ್ಲ, ಕಣ್ಣಿನ ಪೊರೆಯಲ್ಲ. ಕೋಪ! ಸೋಸಿ ಇಳಿಸಿದ, ಒಂದು ಹನಿ ನೀರು ಬೆರೆಸದ ಕೋಪ! ಐದು ಸಲ ಬರೆಯಲು ಕೂತೆ, ಐದು ಸಲವೂ ಪೆನ್ನಿನ ಮೊನೆ ಕಾಗದವನ್ನು ಹರಿದು ಹಾಕಿತು. ಇದು ಆರನೆಯ ಸಲ. ದಪ್ಪನೆಯ ಕಾಗದ ತರಿಸಿಕೊಂಡಿದ್ದೇನೆ.

ಮೊದಲು ಸುದ್ದಿ ಮುಗಿಸುತ್ತೇನೆ. ಈ ಕಟ್ಟಡದ ಲಿಫ್ಟ್ ಇನ್ನೂ ಕೆಟ್ಟೇ ಇದೆ. ಕೆಳಗಿನ ಮಹಡಿಯ ದರ್ಜಿಯವಳು ಹೊಸ ಯಂತ್ರ ತಂದಿದ್ದಾಳೆ, ಹಗಲೆಲ್ಲ ನನ್ನ ನೆಲ ನಡುಗುತ್ತದೆ. ನಿನ್ನ ಪತ್ರ ಬಂದ ದಿನ ಅವಳು ನನ್ನ ಕೋಟಿನ ಗುಂಡಿ ಹೊಲಿದುಕೊಡಲು ಮೇಲೆ ಬಂದಿದ್ದಳು. ಅವಳ ಎದುರಿಗೇ ಗಟ್ಟಿಯಾಗಿ ಓದಿದೆ. ಮಂಗಳನಿಗೂ ಗುರುವಿಗೂ ನಡುವೆ ಸುತ್ತುವ ಕಲ್ಲುಗಳ ಪಟ್ಟಿಯಲ್ಲಿ ಒಂದಕ್ಕೆ ಅಕ್ಕನ ಹೆಸರಿಡುತ್ತಿದ್ದೇನೆ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲಿಗೆ ಬಂದಾಗ ಅವಳ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು.

"ಅಯ್ಯೋ ನಿಮ್ಮ! ನಿಮ್ಮ ಹೆಸರಲ್ಲಿ ಒಂದು ಗ್ರಹಾನಾ?"

"ಕ್ಷುದ್ರಗ್ರಹ. ಹನ್ನೊಂದು ಮೈಲಿ ಅಗಲದ ಕಲ್ಲು."

"ಕಲ್ಲಾದ್ರೇನು, ಮೇಲಿದೆಯಲ್ಲ! ಅಲ್ಲೂ ಲಿಫ್ಟ್ ಕೆಟ್ಟಿರುತ್ತಾ?"

ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ, ಒಂದು ನಿಮಿಷ ನನ್ನ ಎದೆ ಉಬ್ಬಿತು. ಆಮೇಲೆ ಲಕೋಟೆಯಲ್ಲಿದ್ದ ಎರಡನೆಯ ಹಾಳೆ ತೆಗೆದೆ. ಹೆಸರಿನ ಜೊತೆ ಅಚ್ಚಾಗಬೇಕಾದ ವಿವರಣೆ. ನಿನಗೆ ಬಾಯಿಪಾಠವಿರಬಹುದು, ಆದರೂ ನನ್ನ ಕೈಯಲ್ಲಿ ಒಮ್ಮೆ ಬರೆಯುತ್ತೇನೆ: "ಶೋಧಕರ ಅಕ್ಕ. ಅವರ ಆರಂಭದ ವರ್ಷಗಳಲ್ಲಿ ಛಾಯಾಗಾಜುಗಳನ್ನು ಒರೆಸಿ, ಜೋಡಿಸಿ, ತಾಳ್ಮೆಯಿಂದ ನೆರವಾದರು."

ಒರೆಸಿ!

ಮೂವತ್ತೊಂದು ವರ್ಷ ಆ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಅಳತೆಗಾರ್ತಿಯಾಗಿ ಕೂತವಳು ನಾನು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಹಸಿರು ಬಣ್ಣ, ಬೇಸಿಗೆ ಚಳಿಗಾಲ ಎರಡರಲ್ಲೂ ಒಂದೇ ತಂಪು, ಮೂಗಿಗೆ ರಾಸಾಯನಿಕದ ಘಾಟು. ಹಿಂದಿನ ರಾತ್ರಿ ಪಾಳಿಯ ನೀವು ಮೇಲೆ ಗುಮ್ಮಟದಲ್ಲಿ ತೆಗೆದ ಗಾಜುಗಳು, ಆಕಾಶದ ಚಿತ್ರ ಮೂಡಿದ ಗಾಜಿನ ಹಲಗೆಗಳು, ಮರುದಿನ ನನ್ನ ಮೇಜಿಗೆ ಬರುತ್ತಿದ್ದವು. ಒಂದೇ ಆಕಾಶದ ತುಣುಕು, ಒಂದು ಗಂಟೆಯ ಅಂತರದಲ್ಲಿ ತೆಗೆದ ಎರಡು ಗಾಜು. ಅವೆರಡನ್ನೂ ಯಂತ್ರದಲ್ಲಿ ಕೂರಿಸಿ, ಒಂದೇ ಕಣ್ಣುಕೊಳವೆಯಲ್ಲಿ ಇದು, ಅದು, ಇದು, ಅದು ಎಂದು ಸನ್ನೆಗೋಲು ಒತ್ತುತ್ತಾ ನೋಡಬೇಕು. ನಕ್ಷತ್ರಗಳು ಅಲ್ಲಾಡುವುದಿಲ್ಲ. ಯಾವುದು ಕುಪ್ಪಳಿಸುತ್ತದೋ ಅದು ನಕ್ಷತ್ರವಲ್ಲ. ಹಾಗೆ ಲಕ್ಷಾಂತರ ಚುಕ್ಕೆಗಳ ನಡುವೆ ಕುಪ್ಪಳಿಸುವ ಒಂದನ್ನು ಹಿಡಿಯುವುದಕ್ಕೆ ನಿನ್ನ ವಿವರಣೆಯಲ್ಲಿ ಇರುವ ಕ್ರಿಯಾಪದ "ಒರೆಸಿ"! ಹೆಸರು ಹದಿನಾರು ಅಕ್ಷರ ಮೀರಬಾರದು ಎಂದು ನಿಯಮವಂತೆ. ನನ್ನ ಹೆಸರು ಐದಕ್ಕೇ ಮುಗಿಯುತ್ತದೆ. ಉಳಿದ ಹನ್ನೊಂದರಲ್ಲಿ ಸ್ವಲ್ಪ ಸತ್ಯ ತುರುಕಬಹುದಿತ್ತಲ್ಲ ಮಹಾರಾಯ!

ಬದುಕಿರುವವರ ಹೆಸರಾದ್ದರಿಂದ ಅವರ ಒಪ್ಪಿಗೆ ಕೇಳುತ್ತಾರಂತೆ. ಮೂರನೆಯ ಹಾಳೆ ಆ ಒಪ್ಪಿಗೆಪತ್ರ. ಸಹಿ ಹಾಕುವ ಜಾಗದಲ್ಲಿ ನೀನೇ ಪೆನ್ಸಿಲಿನಲ್ಲಿ ಸಣ್ಣ ಗುಣಿಸು ಗುರುತು ಹಾಕಿ ಕಳಿಸಿದ್ದೀಯ, ಮುದುಕಿಗೆ ಕಾಣದಿದ್ದರೆ ಎಂದು. ಲಕ್ಷ ಚುಕ್ಕೆಯಲ್ಲಿ ಒಂದು ಚುಕ್ಕೆ ಕಂಡವಳಿಗೆ ಗುಣಿಸು ಗುರುತಿನ ಸಹಾಯ!

ಸಹಿ ಹಾಕಲಿಲ್ಲ. ನಾಮಕರಣ ಸಮಿತಿಗೆ ಫೋನ್ ಮಾಡಿದೆ. ಹೌದು, ಮಾಡಿದೆ. ಕಾರ್ಯದರ್ಶಿ ಎತ್ತಿದಳು, ಬಹಳ ಮರ್ಯಾದಸ್ಥೆ.

"ಅಭಿನಂದನೆಗಳು ಅಮ್ಮ! ಎಂಥ ಪ್ರೀತಿಯ ತಮ್ಮ ನಿಮಗೆ!"

"ಅದಿರಲಿ. ಶೋಧಿಸಿದವರು ತಮ್ಮ ಹೆಸರನ್ನೇ ಇಟ್ಕೋಬಹುದಾ?"

"ಇಲ್ಲಮ್ಮ, ಅದು ಸಭ್ಯತೆ ಅಲ್ಲ ಅಂತ ಯಾರೂ ಇಟ್ಕೊಳ್ಳಲ್ಲ. ಬೇರೆಯವರ ಹೆಸರೇ ಇಡೋದು."

"ಅಂದ್ರೆ ಅದಕ್ಕೆ ನನ್ನ ಹೆಸರಿದ್ರೆ, ಅದನ್ನ ಕಂಡಿದ್ದು ನಾನಲ್ಲ ಅಂತ ಲೋಕಕ್ಕೆ ಸಾಬೀತಾದ ಹಾಗೆ."

"ಅದೇ ತಾನೇ ಅಮ್ಮ ಸಂತೋಷ! ಕಷ್ಟಪಡದೇನೇ ಸಿಕ್ತು!"

ಕೇಳಿದೆಯಾ? ಕಷ್ಟಪಡದೆ ಸಿಕ್ಕಿತು! ಆಗ ಅರ್ಥವಾಯಿತು ನನಗೆ, ನೀನು ಕಟ್ಟಿದ ಈ ಗೋಪುರದ ಅಂದ. ಇಷ್ಟು ದಿನ ಕಂಡವಳು ನಾನು ಎಂದು ಹೇಳಿದರೆ ಯಾರಾದರೂ ಒಬ್ಬರು ಹುಬ್ಬೇರಿಸಿಯಾದರೂ ಕೇಳುತ್ತಿದ್ದರು. ಇನ್ನು ಮೇಲೆ ನನ್ನ ಹೆಸರೇ ನನ್ನ ವಿರುದ್ಧ ಸಾಕ್ಷಿ. ಜೀವಮಾನವಿಡೀ ನನ್ನ ಬಾಯಿಗೆ ಬೀಗ ಹಾಕಿದ್ದು ಸಾಲದೆಂದು, ಆ ಬೀಗವನ್ನು ಸೂರ್ಯನ ಸುತ್ತ ನಾಲ್ಕೂವರೆ ವರ್ಷಕ್ಕೊಮ್ಮೆ ಸುತ್ತಿಸಲು ಹೊರಟಿದ್ದೀಯ!

ನೀನು ಬಂದ ದಿನ ಇದನ್ನೇ ಕೂಗಿ ಹೇಳಿದೆ. ನೀನು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದೆ, ಟೈ ಸಡಿಲವಾಗಿತ್ತು, ಕೈಯಲ್ಲಿ ನಿವೃತ್ತಿ ಸಮಾರಂಭದ ಆಮಂತ್ರಣ.

"ಅಕ್ಕ, ಮೊದಲ ಸಾಲಲ್ಲಿ ನಿನ್ನ ಕುರ್ಚಿ. ಬಂದು ಎರಡು ಮಾತಾಡು. ಅಷ್ಟೇ."

"ಯಾವ ಎರಡು ಮಾತು? ಒರೆಸಿದೆ, ಜೋಡಿಸಿದೆ?"

"ಮೂವತ್ನಾಲ್ಕು ವರ್ಷ ಆಯ್ತು. ಈಗ ಯಾಕೆ ಕೆದಕ್ತೀಯ?"

"ನೀನು ಈಗ ಯಾಕೆ ಹೆಸರಿಡ್ತೀಯ? ಆ ಕಲ್ಲಿಗೆ ಅಧಿಕೃತ ನಂಬರು ಸಿಕ್ಕಿ ಒಂಬತ್ತೂವರೆ ವರ್ಷ ಆಯ್ತು. ಹತ್ತು ವರ್ಷ ದಾಟಿದ್ರೆ ನಿನ್ನ ಹಕ್ಕು ಹೋಗುತ್ತೆ. ಸಮಾರಂಭಕ್ಕೆ ಒಂದು ಅಲಂಕಾರ ಬೇಕಿತ್ತು, ಅಕ್ಕ ನೆನಪಾದ್ಲು!"

ಆಗ ನೀನು ಒಂದು ಪ್ರಶ್ನೆ ಕೇಳಿದೆ. ನೆನಪಿದೆಯಾ? ಮೆಟ್ಟಿಲ ಕಡೆ ತಿರುಗಿ, ನನ್ನ ಮುಖ ನೋಡದೆ ಹೇಳಿದೆ: "ನನ್ನ ಹೆಸರು ಬರೆದದ್ದು ನೀನೇ ಅಲ್ವಾ? ಬರಿ ಅಂತ ನಾನು ಹೇಳಿದ್ನಾ? ಹೋಗ್ಲಿ, ತಪ್ಪು ಅಂತ ಅನ್ಸಿದ್ರೆ ಆಗ್ಲೇ ಯಾಕೆ ಬಾಯಿ ಬಿಡ್ಲಿಲ್ಲ?" ಹೇಳಿ, ದಡದಡ ಇಳಿದು ಹೋದೆ. ದರ್ಜಿಯವಳು ಯಂತ್ರ ನಿಲ್ಲಿಸಿ ಕಿವಿ ಕೊಟ್ಟಿದ್ದಳು.

ನಿನ್ನ ಆ ಪ್ರಶ್ನೆಗೇ ಈಗ ಬಂದೆ. ಹತ್ತೊಂಬತ್ತು ದಿನ ಅದನ್ನು ಅಗಿದಿದ್ದೇನೆ. ಕೇಳು!

ಮೂವತ್ತನಾಲ್ಕು ವರ್ಷದ ಹಿಂದಿನ ಆ ಮಂಗಳವಾರ. ಬೆಳಿಗ್ಗೆ ಹನ್ನೊಂದೂ ಕಾಲು. ಗಾಜಿನ ಕೆಳ ಎಡಮೂಲೆಯಲ್ಲಿ, ಜೋಡಿ ನಕ್ಷತ್ರದ ಪಕ್ಕದಲ್ಲಿ, ಒಂದು ಚುಕ್ಕೆ ಕುಪ್ಪಳಿಸಿತು. ಸಾಸಿವೆಯ ನೂರನೇ ಪಾಲು. ಸನ್ನೆಗೋಲನ್ನು ನಲವತ್ತು ಸಲ ಒತ್ತಿದೆ. ನಲವತ್ತು ಸಲವೂ ಕುಪ್ಪಳಿಸಿತು. ಕ್ಷುದ್ರಗ್ರಹಗಳ ಯಾದಿ ತೆಗೆದು ನೋಡಿದೆ, ಆ ಜಾಗದಲ್ಲಿ ಗೊತ್ತಿರುವುದು ಏನೂ ಇಲ್ಲ. ನನ್ನ ಕುತ್ತಿಗೆಯ ಹಿಂದೆ ರೋಮ ನಿಂತಿತು ಕಣೋ. ಭೂಮಿ ಹುಟ್ಟಿದಾಗಿನಿಂದ ಇದ್ದದ್ದನ್ನು ಆ ಗಳಿಗೆಯಲ್ಲಿ ಕಂಡ ಜೀವ ಇಡೀ ಲೋಕದಲ್ಲಿ ನಾನೊಬ್ಬಳೇ!

ಓಡಿ ಬಂದೆ. ಎಲ್ಲಿಗೆ? ನಿನ್ನ ಹತ್ತಿರವೇ. ರಾತ್ರಿ ಪಾಳಿಯವರು ಹಗಲು ಮಲಗುವ ಕೋಣೆಯಲ್ಲಿ ಕಪ್ಪು ಪರದೆ ಎಳೆದುಕೊಂಡು ಮಲಗಿದ್ದೆ.

"ಏಯ್, ಏಳೋ! ಒಂದು ಚುಕ್ಕೆ ಓಡ್ತಿದೆ!"

"ಗಾಜಿನ ಮೇಲೆ ಏನೋ ಕೂತಿರುತ್ತೆ ಅಕ್ಕ. ಒರೆಸು. ಮಲಗೋಕೆ ಬಿಡು."

ಇದೇ ನೋಡು ನಿನ್ನ ಮಹಾಶೋಧನೆಯ ಮೊದಲ ವಾಕ್ಯ! ನೀನು ಹೇಳಿದ ಹಾಗೆ ಒರೆಸಿದ್ದರೆ ಇವತ್ತು ಹೆಸರಿಡಲು ನಿನ್ನ ಬಳಿ ಏನಿರುತ್ತಿತ್ತು?

ಕೆಳಗೆ ಹೋಗಿ ಅಳೆದೆ. ತಿರುಪು ತಿರುಗಿಸಿ, ಸುತ್ತಲಿನ ಆರು ನಕ್ಷತ್ರಗಳಿಂದ ದೂರ ಹಿಡಿದು, ಮೂರು ಸಲ. ಚುಕ್ಕೆ ಪೂರ್ವಕ್ಕೆ ಹೋಗುತ್ತಿದೆ! ನಿಧಾನದ ಬಸ್ಸನ್ನು ನಮ್ಮ ಬಸ್ಸು ಹಿಂದೆ ಹಾಕುವಾಗ ಅದು ಹಿಂದಕ್ಕೆ ಜಾರಿದ ಹಾಗೆ ಕಾಣುತ್ತದಲ್ಲ, ಹಾಗೆ ಆ ಗಾಜಿನಲ್ಲಿದ್ದ, ಸೂರ್ಯನ ನೇರ ಎದುರಿನ ಆಕಾಶದಲ್ಲಿ ಆ ಪಟ್ಟಿಯ ಕಲ್ಲುಗಳೆಲ್ಲ ಪಶ್ಚಿಮಕ್ಕೆ ಜಾರಬೇಕು. ಇದು ಮಾತ್ರ ಮುಂದಕ್ಕೆ! ಅದ್ಭುತವೇ? ಅದೇ ಗಾಜಿನ ಇನ್ನೊಂದು ಮೂಲೆಯಲ್ಲಿ ಹಳೆಯ, ಎಲ್ಲರಿಗೂ ಗೊತ್ತಿರುವ ಕ್ಷುದ್ರಗ್ರಹ ಒಂದಿತ್ತು. ಅದನ್ನೂ ಅಳೆದೆ. ಅದೂ ಪೂರ್ವಕ್ಕೆ! ಇಡೀ ಆಕಾಶ ಒಂದೇ ರಾತ್ರಿಯಲ್ಲಿ ಮನಸ್ಸು ಬದಲಾಯಿಸುವುದಿಲ್ಲ. ಬದಲಾಗಿದ್ದು ಗಾಜುಗಳನ್ನಿಡುವ ಲಕೋಟೆಯ ಮೇಲಿನ ಸಮಯ. ಮೊದಲು ತೆಗೆದ ಗಾಜಿನ ಲಕೋಟೆಯ ಮೇಲೆ ಎರಡನೆಯದರ ಸಮಯವನ್ನೂ ಎರಡನೆಯದರ ಮೇಲೆ ಮೊದಲನೆಯದರದನ್ನೂ ತೂಕಡಿಸುತ್ತಾ ಬರೆದಿಟ್ಟವನು, ನನ್ನ ತಮ್ಮ! ಗಾಜಿಗೆ ಕೊರೆದ ಸಂಖ್ಯೆಯೇ ಲಕೋಟೆಯ ಮೇಲೂ ಇರುತ್ತಿತ್ತು, ಗಾಜುಗಳನ್ನು ಅದಲುಬದಲು ಮಾಡಿಟ್ಟು ಮುಚ್ಚಿಹಾಕುವ ಹಾಗಿರಲಿಲ್ಲ.

ನಮ್ಮ ನಿರ್ದೇಶಕರು, ನಾವೆಲ್ಲ ಗುಡುಗಪ್ಪ ಎಂದು ಕರೆಯುತ್ತಿದ್ದ ಆ ಮನುಷ್ಯ, ಅದಾಗಲೇ ನಿನ್ನನ್ನು ಎರಡು ಸಲ ಎಚ್ಚರಿಸಿದ್ದರು. "ಇನ್ನೊಂದು ಸಲ ದಾಖಲೆ ತಪ್ಪಿದ್ರೆ ಹಾಸಿಗೆ ಸುತ್ಕೊಂಡು ಹೊರಡು!" ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ಅವರು ಕೆಳಗಿಳಿದು ಲಕೋಟೆಗಳನ್ನು ತಾವೇ ನೋಡುತ್ತಿದ್ದರು. ಲಕೋಟೆಯ ಮೇಲಿನ ಬರಹ ತಿದ್ದಬೇಕಾದರೆ ಗಾಜು ತೆಗೆದವನೇ ತನ್ನ ಕೈಯಿಂದ ತಿದ್ದಿ ಸಹಿ ಹಾಕಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮತ್ತೆ ಮೇಲೆ ಬಂದೆ. ಕೋಣೆಗೆ ಒಳಗಿನಿಂದ ಚಿಲಕ. ಬಡಿದೆ. ಗೊರಕೆ!

ಆಗ ಏನು ಮಾಡಬೇಕಿತ್ತು ಹೇಳು? ನಮ್ಮಪ್ಪ ನಾಟಕದ ಕಂಪನಿಯಲ್ಲಿ ಪರದೆಯ ಮರೆಯಿಂದ ಮಾತು ಎತ್ತಿಕೊಡುತ್ತಿದ್ದವರು. ನಟರ ಪಾಲಿನ ಮಾತುಗಳನ್ನು ನಕಲು ಮಾಡುವುದು ನನ್ನ ಕೆಲಸ, ಹತ್ತು ವರ್ಷದವಳಿದ್ದಾಗಿನಿಂದ. ಯಾರ ಕೈಬರಹ ಬೇಕೋ ಅದು ನನ್ನ ಬೆರಳ ತುದಿಯಲ್ಲಿ. ನಿನ್ನ ಶಾಲೆಯ ಮನೆಪಾಠ ಎಷ್ಟು ವರ್ಷ ನಿನ್ನ ಅಕ್ಷರದಲ್ಲೇ ಬರೆದುಕೊಟ್ಟಿದ್ದೇನೆ! ಕೂತೆ. ಎರಡು ಲಕೋಟೆಯ ಸಮಯವನ್ನೂ ಹೊಡೆದು ಹಾಕಿದೆ. ಸರಿಯಾದದ್ದನ್ನು ನಿನ್ನ ಕೈಯಲ್ಲಿ ಬರೆದೆ, ನಿನ್ನ ಸಹಿ ಹಾಕಿದೆ.

ಉಳಿದದ್ದು ವರದಿಯ ಹಾಳೆ. ಅದರಲ್ಲಿ ಒಂದು ಖಾಲಿ ಸಾಲು: "ಮೊದಲು ಕಂಡವರು." ಅಲ್ಲಿ ನನ್ನ ಹೆಸರು ಬರೆದರೆ ಗುಡುಗಪ್ಪನವರ ಮೊದಲ ಪ್ರಶ್ನೆ ಏನಿರುತ್ತಿತ್ತು? "ಹಾಗಾದ್ರೆ ಲಕೋಟೆ ತಪ್ಪು ಅಂತ ಹಿಡಿದಿದ್ದು ಯಾರಮ್ಮ, ನೀನಾ, ಅವನಾ?" ನೀನೇ ಕಂಡು, ನೀನೇ ಅಳೆಸಿ, ನೀನೇ ತಪ್ಪು ಹಿಡಿದು ತಿದ್ದಿದೆ ಎಂದಾದರೆ ಮಾತ್ರ ನೀನು ಉಳಿಯುತ್ತಿದ್ದೆ. ಗಡಿಯಾರ ಮೂರೂಮುಕ್ಕಾಲು. ಅಲ್ಲೂ ನಿನ್ನ ಅಕ್ಷರದಲ್ಲೇ ನಿನ್ನ ಹೆಸರು ಬರೆದೆ. ಆಪತ್ತು ದಾಟಲಿ, ಆಮೇಲೆ ಇಬ್ಬರೂ ಹೋಗಿ ಹೇಳಿದರಾಯಿತು ಎಂದುಕೊಂಡೆ. ಇದೇ ನಾನು ಮಾಡಿದ ತಪ್ಪು, ಒಪ್ಪಿಕೊಳ್ಳುತ್ತೇನೆ. ಹೌದಪ್ಪಾ ಹೌದು, ಬರಿ ಅಂತ ನೀನು ಹೇಳಲಿಲ್ಲ!

ನಾಲ್ಕಕ್ಕೆ ಗುಡುಗಪ್ಪ ಬಂದರು. ಓದಿದರು. ಮೇಜು ಗುದ್ದಿದರು. "ಶಹಬ್ಬಾಸ್! ತಪ್ಪು ಮಾಡಿದವನೇ ತಪ್ಪು ಹಿಡಿದಿದ್ದಾನೆ! ಕರೀರಿ ಅವನ್ನ!" ನೀನು ಕೆಳಗಿಳಿದು ಬಂದೆ, ಕೆನ್ನೆಯ ಮೇಲೆ ದಿಂಬಿನ ಗೆರೆ. ಹಾಳೆ ನೋಡಿದೆ. ನೀನು ಬರೆಯದ ನಿನ್ನ ಅಕ್ಷರ. ನನ್ನನ್ನು ನೋಡಿದೆ. ಸುಮ್ಮನಿರು ಎಂದು ನಾನೇ ಕಣ್ಣು ಮಿಟುಕಿಸಿದೆ. ಆ ಮಂಗಳವಾರಕ್ಕೆ ನಿನ್ನ ಮೇಲೆ ತಪ್ಪು ಹೊರಿಸುವುದಿಲ್ಲ. ಬುಧವಾರಕ್ಕೆ ಹೊರಿಸುತ್ತೇನೆ. ಗುರುವಾರಕ್ಕೆ ಹೊರಿಸುತ್ತೇನೆ. ಮುಂದಿನ ಹನ್ನೆರಡು ಸಾವಿರ ದಿನಗಳಲ್ಲಿ ಒಂದೊಂದಕ್ಕೂ ಹೊರಿಸುತ್ತೇನೆ!

"ನಿಧಾನಕ್ಕೆ ಹೇಳೋಣ ಅಕ್ಕ," ಅಂದೆ ಬುಧವಾರ, ಮೆಟ್ಟಿಲ ಹತ್ತಿರ. ಆ ತಿಂಗಳೇ ನಿನಗೆ ಬಡ್ತಿ ಬಂತು. ಆಮೇಲೆ ಆ ಕಲ್ಲು ಕಳೆದುಹೋಯಿತು, ಆರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಹಳೆಯ ಕಪಾಟುಗಳನ್ನು ಬಗೆದು, ಯಾರೋ ಎಂದೋ ತೆಗೆದಿಟ್ಟ ಗಾಜುಗಳಲ್ಲಿ ಅದರ ಜಾಡನ್ನು ಎರಡು ಕಡೆ ಹಿಡಿದು ಕೊಟ್ಟವಳೂ ನಾನೇ. ಅದರಿಂದಲೇ ಸೂರ್ಯನ ಸುತ್ತ ಅದರ ದಾರಿ ಗಟ್ಟಿಯಾಯಿತು, ಅದರಿಂದಲೇ ನಂಬರು ಸಿಕ್ಕಿತು. ಆ ಅಳತೆಗಳ ಕೆಳಗೆ ನನ್ನ ಹೆಸರಿದೆ, "ಅಳತೆ" ಎಂಬ ಸಾಲಿನಲ್ಲಿ. ಅಳತೆಯ ಸಾಲನ್ನು ಯಾರು ಓದುತ್ತಾರೆ?

ಸಮಿತಿಯ ಆ ಕಾರ್ಯದರ್ಶಿ ಹುಡುಗಿಗೆ ಫೋನಿನಲ್ಲಿ ಇಷ್ಟೂ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿದಳು.

"ದಾಖಲೆ ಇದೆಯಾ ಅಮ್ಮ?"

"ಇದೆ. ಎಲ್ಲಾ ಅವನ ಕೈಬರಹದಲ್ಲಿದೆ."

"ಹಾಗಾದ್ರೆ ಅವರೇ ಬರೆದದ್ದಲ್ವಾ?"

"ಅಲ್ಲ, ನಾನು ಬರೆದದ್ದು. ಅವನ ಕೈಬರಹದಲ್ಲಿ."

ಮೆಲ್ಲಗೆ, "ಅಮ್ಮ, ಇದನ್ನ ನಾನು ಯಾವ ಫೈಲಿಗೆ ಹಾಕ್ಲಿ?" ಅಂದಳು. ಶೋಧಕರು ತಾವೇ ಬರೆದುಕೊಟ್ಟರೆ ತಿದ್ದುತ್ತೇವೆ, ಬೇರೆಯವರ ಮಾತಿನ ಮೇಲೆ ಆಗುವುದಿಲ್ಲ ಎಂದಳು. ತಿಂಗಳ ಕೊನೆಯವರೆಗೆ ಸಮಯ.

ನಿನ್ನ ಹೆಂಡತಿಯೂ ಫೋನ್ ಮಾಡಿದ್ದಳು. "ಅವರಿಗೆ ಬಿಪಿ ಇದೆ, ಒಂದು ಸಹಿ ತಾನೇ, ಹಾಕ್ಬಿಡಿ ಅತ್ತಿಗೆ," ಎಂದು. ಒಳ್ಳೆಯವಳು, ಅವಳ ಮೇಲೆ ರೇಗಲಿಲ್ಲ. ನನಗೂ ಬಿಪಿ ಇದೆ ಎಂದಷ್ಟೇ ಹೇಳಿದೆ.

ಈಗ ನನ್ನ ತೀರ್ಮಾನ ಕೇಳು. ಒಪ್ಪಿಗೆಪತ್ರವನ್ನು ಸಹಿಯಿಲ್ಲದೆ ಇದರ ಜೊತೆ ಇಟ್ಟಿದ್ದೇನೆ. ನೀನು ಹಾಕಿದ್ದ ಗುಣಿಸು ಗುರುತನ್ನು ಅಳಿಸಿದ್ದೇನೆ. ನನ್ನ ಹೆಸರನ್ನು ಹಿಂತೆಗೆಯಬೇಕೆಂದು ಸಮಿತಿಗೆ ನನ್ನದೇ ಅಕ್ಷರದಲ್ಲಿ ಬರೆದು ನಿನ್ನೆಯೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಯಾಯಿತು. ಇನ್ನು ನಿನ್ನ ಮುಂದೆ ಇರುವುದು ಒಂದು ಸಾಲು. "ಮೊದಲು ಕಂಡವರು ನಾನಲ್ಲ, ನನ್ನ ಅಕ್ಕ." ಬರೆದರೆ, ಶೋಧಕಿಯ ಹಕ್ಕಿನಿಂದ ಅದಕ್ಕೆ ಹೆಸರಿಡುವವಳು ನಾನು. ನಿನ್ನ ಹೆಸರನ್ನೇ ಇಟ್ಟರೂ ಇಟ್ಟೇನು, ಆ ಉಪಕಾರ ಹೇಗಿರುತ್ತದೆ ಎಂದು ನಿನಗೂ ತಿಳಿಯಲಿ! ಬರೆಯದಿದ್ದರೆ ಅದು ಬರೀ ನಂಬರಾಗಿ ಸುತ್ತಲಿ. ಕಲ್ಲಿಗೇನೂ ಬೇಸರವಿಲ್ಲ. ಸಮಾರಂಭಕ್ಕೆ ನಾನು ಬರುವುದಿಲ್ಲ. ಮೊದಲ ಸಾಲಿನ ಆ ಕುರ್ಚಿಯನ್ನು ತೆಗೆಸಬೇಡ. ಖಾಲಿಯೇ ಇರಲಿ, ನೀನು ಭಾಷಣ ಮಾಡುವಾಗ ನಿನ್ನ ಕಣ್ಣಿಗೆ ಬೀಳುತ್ತಿರಲಿ.

ಬಿಪಿಯ ಮಾತ್ರೆ ತಪ್ಪಿಸಬೇಡ. ನಿನಗೆ ನೂರು ವರ್ಷ ಆಯುಸ್ಸಾಗಲಿ, ಕಣ್ಣು ಕೊನೆಯವರೆಗೂ ಚೆನ್ನಾಗಿರಲಿ, ನಿದ್ದೆ ಮಾತ್ರ ಸ್ವಲ್ಪ ಕಡಿಮೆಯಾಗಲಿ. ಹಿರಿಯಳಾಗಿ ಹರಸುತ್ತಿದ್ದೇನೆ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮರೆತ ಮಾತು: ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದೆಯಲ್ಲ. ಬಿಟ್ಟಿದ್ದೆ. ಒಬ್ಬರ ಹತ್ತಿರ.

ಅದೇ ವಾರ ಅಮ್ಮ ಆಸ್ಪತ್ರೆಯಲ್ಲಿದ್ದಳು. ಗುರುವಾರ ನಾನು ಅವಳ ಕಿವಿಯಲ್ಲಿ ಹೇಳಿದೆ: "ಯಾರಿಗೂ ಹೇಳ್ಬೇಡಮ್ಮ. ಆಕಾಶದಲ್ಲಿ ಒಂದು ಹೊಸದು ಸಿಕ್ಕಿದೆ. ಕಂಡಿದ್ದು ನಾನು." ಅವಳು ನನ್ನ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿದು, "ನೀನಾ? ನೀನೇನಾ?" ಎಂದು ಎರಡು ಸಲ ಕೇಳಿದಳು. ಮಾರನೆಯ ಸಂಜೆ ನೀನು ಬಂದಿದ್ದೆ. ನಾನು ನೀರು ತುಂಬಿಕೊಂಡು ಬಂದು ಪರದೆಯ ಈಚೆ ನಿಂತಿದ್ದೆ, ನಿನಗೆ ಗೊತ್ತಿಲ್ಲ. ಅಮ್ಮ ನಿನ್ನನ್ನು ಕೇಳಿದಳು, "ಅಕ್ಕ ಕಂಡಳಂತಲ್ಲೋ, ನಿಜಾನಾ?" ನೀನು ನಕ್ಕೆ. "ಅವಳಿಗೆ ಆಸೆ ಅಮ್ಮ. ಪಾಪ, ಅಂದ್ಕೊಳ್ಳಲಿ ಬಿಡು," ಎಂದೆ.

ನೀನು ಹೋದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು. "ತಮ್ಮನ ಸಂತೋಷ ಕಿತ್ಕೋಬೇಡ ಕಣೆ. ಬೇಕಾದ್ದು ಕೇಳು, ಸುಳ್ಳು ಮಾತ್ರ ಹೇಳ್ಬೇಡ," ಎಂದಳು. ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದಳು, ಅವಳ ಜೊತೆ ವಾದ ಮಾಡಲು ನನಗೆ ಆಗಲಿಲ್ಲ. "ತಮಾಷೆಗೆ ಹೇಳಿದೆ ಅಮ್ಮ," ಎಂದೆ.

"ಅಂಥ ತಮಾಷೆ ಬೇಡ," ಎಂದು ಗೋಡೆಯ ಕಡೆ ಮಗ್ಗುಲು ತಿರುಗಿದಳು. ಒಂಬತ್ತನೆಯ ದಿನ ಹೋದಳು. ಅಷ್ಟು ದಿನವೂ ಅವಳು ಕುಡಿಯುವ ನೀರು ನಾನೇ ಹಿಡಿದೆ. ಒಂದು ದಿನವೂ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.